ಆಪ್ಟಿಪ್ಲೆಕ್ಸ್ 7010: ಕೊಡಗಿನ ನಾಲ್ಕು ಮಳೆಗಾಲ ದಾಟಿದ ಮೇಲೆ

ಇದು 2012ರಲ್ಲಿ ಬಂದ ಡೆಲ್ ಆಪ್ಟಿಪ್ಲೆಕ್ಸ್ 7010ರ ವಿಮರ್ಶೆ, ಅದರಲ್ಲೂ ಎಸ್‌ಎಫ್‌ಎಫ್ ಅನ್ನುವ ಸಣ್ಣ ಪೆಟ್ಟಿಗೆಯದು. ಮಡಿಕೇರಿ ಕಡೆಯ ತೋಟದ ಆಫೀಸೊಂದರಲ್ಲಿ ನಾಲ್ಕು ಮಳೆಗಾಲ ಬಳಸಿದ ಮೇಲೆ ಬರೆದದ್ದು. ಕೆಲಸ ಇಷ್ಟೇ: ಆಳುಗಳ ಹಾಜರಿ, ಕೂಲಿ ಲೆಕ್ಕ, ಕಾಫಿ ಮತ್ತು ಮೆಣಸಿನ ತೂಕದ ಪಟ್ಟಿ, ಕನ್ನಡದಲ್ಲಿ ಪತ್ರ, ಬ್ಯಾಂಕು, ಆಗೀಗ ವಿಡಿಯೋ. ಇಷ್ಟಕ್ಕೆ ಇದರ ವೇಗ ಇವತ್ತಿಗೂ ಧಾರಾಳ. ನಮ್ಮ ಕಡೆ ಇಂಥ ಯಂತ್ರ ಕೆಡುವುದು ತೇವದಿಂದ, ಕರೆಂಟಿನಿಂದ, ಸಿಡಿಲಿನಿಂದ. ವಯಸ್ಸಿನ ಮಾತು ಆಮೇಲೆ. ಕೊಳ್ಳುವವರು ಪ್ರೊಸೆಸರ್ ಯಾವುದು ಎಂದು ಕೇಳುವ ಮೊದಲು ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು.

ಮೊದಲಿಗೆ ಹೆಸರಿನ ಗೊಂದಲ. 2023ರಲ್ಲಿ ಇದೇ 7010 ಹೆಸರಿನಲ್ಲಿ 13ನೇ ಪೀಳಿಗೆಯ ಇಂಟೆಲ್ ಪ್ರೊಸೆಸರಿನ ಹೊಸ ಮಾದರಿ ಬಂದಿದೆ. ಡ್ರೈವರ್ ಅಥವಾ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಹುಡುಕುವಾಗ ಮಾದರಿಯ ಹೆಸರು ಹಾಕಿದರೆ ಹೊಸದರ ಫೈಲು ಕೈಗೆ ಬರಬಹುದು. ಪೆಟ್ಟಿಗೆಯ ಮೇಲಿರುವ ಏಳು ಅಕ್ಷರದ ಸರ್ವಿಸ್ ಟ್ಯಾಗ್ ಹಾಕಿಯೇ ಹುಡುಕಿ. ಹಳೆಯದರಲ್ಲಿರುವುದು ಕ್ಯೂ77 ಚಿಪ್‌ಸೆಟ್, ಎಲ್‌ಜಿಎ 1155 ಸಾಕೆಟ್, 240 ವ್ಯಾಟಿನ ಪವರ್ ಸಪ್ಲೈ. ಹೆಚ್ಚಾಗಿ ಸಿಗುವ ಪ್ರೊಸೆಸರ್ ಐ5-3470: ನಾಲ್ಕು ಕೋರ್, 3.2 ಗಿಗಾಹರ್ಟ್ಸ್, 77 ವ್ಯಾಟ್. ಐ7 ಬೇಕೆಂದು ಹಟ ಹಿಡಿಯಬೇಡಿ. ಆ ಹಣವನ್ನು ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಮತ್ತು ಒಳ್ಳೆಯ ಯುಪಿಎಸ್‌ಗೆ ಹಾಕಿ.

ಬಳಸಿದ ಯಂತ್ರ ಮನೆಗೆ ಬಂದ ಕೂಡಲೇ ಆನ್ ಮಾಡಬೇಡಿ. ಮಳೆಯಲ್ಲಿ ಜೀಪಿನಲ್ಲಿ ಬಂದ ತಣ್ಣನೆಯ ಲೋಹ ಬೆಚ್ಚನೆಯ ಕೋಣೆಗೆ ಬಂದರೆ ಅದರ ಮೇಲೆ ನೀರಿನ ಪಸೆ ಕೂರುತ್ತದೆ. ಮುಚ್ಚಳ ತೆಗೆದು ಮೂರು ನಾಲ್ಕು ಗಂಟೆ ಹಾಗೇ ಬಿಡಿ. ಆಮೇಲೆ ಒಳಗೆ ಕೈ ಹಾಕಿದರೆ ಸಾಕು. ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಬೇಡ, ಹಿಡಿ ಎಳೆದರೆ ಬರುತ್ತದೆ. ಡ್ರೈವ್‌ಗಳ ಪಂಜರ ಎತ್ತಿಟ್ಟರೆ ಕೆಳಗೆ ಹೀಟ್‌ಸಿಂಕ್. ಅದರ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹತ್ತು ವರ್ಷ ದಾಟಿದ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಪುಡಿಪುಡಿಯಾಗಿರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ತೊಟ್ಟು ಹಾಕಿದ ಬಟ್ಟೆಯಲ್ಲಿ ಎರಡೂ ಕಡೆ ಒರೆಸಿ, ಬಟಾಣಿಗಿಂತ ಸಣ್ಣ ಉಂಡೆಯಷ್ಟು ಹೊಸ ಪೇಸ್ಟ್ ನಡುವೆ ಇಟ್ಟು ಮುಚ್ಚಿ. ಇಷ್ಟು ಮಾಡಿದರೆ ಫ್ಯಾನಿನ ಬೊಬ್ಬೆ ಅರ್ಧಕ್ಕೆ ಇಳಿಯುತ್ತದೆ.

ರ‍್ಯಾಮ್ ವಿಷಯದಲ್ಲಿ ಮೋಸ ಹೋಗುವವರು ಬಹಳ. ಬೇಕಾದದ್ದು ಡಿಡಿಆರ್3, 1600, ಇಸಿಸಿ (ತಪ್ಪು ತಿದ್ದುವ ವ್ಯವಸ್ಥೆ) ಇಲ್ಲದ ಡೆಸ್ಕ್‌ಟಾಪ್ ಕಡ್ಡಿ. ಸರ್ವರಿನಿಂದ ಕಿತ್ತ ರಿಜಿಸ್ಟರ್ಡ್ ಕಡ್ಡಿ ಸ್ಲಾಟಿಗೆ ಸರಿಯಾಗಿ ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಎಎಂಡಿಗೆ ಮಾತ್ರ ಎಂದು ಸಣ್ಣ ಅಕ್ಷರದಲ್ಲಿ ಬರೆದ ಅಗ್ಗದ ಕಡ್ಡಿಗಳೂ ಹಾಗೆಯೇ. ಸ್ಲಾಟ್ ನಾಲ್ಕಿವೆ, ಒಟ್ಟು 32 ಜಿಬಿ ತನಕ ಹಿಡಿಸುತ್ತದೆ. 8 ಜಿಬಿಯ ಒಂದೇ ಕಡ್ಡಿಗಿಂತ 4 ಜಿಬಿಯ ಎರಡು ಒಳ್ಳೆಯದು, ಯಾಕೆಂದರೆ ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮ್ ಹಂಚಿಕೊಳ್ಳುತ್ತದೆ, ಜೋಡಿ ಕಡ್ಡಿಯಲ್ಲಿ ಅದಕ್ಕೆ ದಾರಿ ಅಗಲವಾಗುತ್ತದೆ. ಬಿಳಿ ಕೊಕ್ಕೆಯ ಎರಡು ಸ್ಲಾಟುಗಳಿಗೆ ಮೊದಲು ಹಾಕಿ.

ಹಳೆಯ ಹಾರ್ಡ್ ಡಿಸ್ಕ್ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ತೆಗೆದುಬಿಡಿ. 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿಯನ್ನು ಸಾಟಾ 0 ಎಂದು ಬರೆದ ಕನೆಕ್ಟರಿಗೆ ಕೊಡಿ. ವೇಗದ 6 ಗಿಗಾಬಿಟ್ ದಾರಿ ಅಲ್ಲಿದೆ. ಎನ್‌ವಿಎಂಇ ಎನ್ನುವ ಹೊಸ ಬಗೆಯ ಎಸ್‌ಎಸ್‌ಡಿ ತರಬೇಡಿ. ಕಾರ್ಡ್ ಮೂಲಕ ಕೂರಿಸಿದರೂ ಈ ಬಯೋಸ್ ಅದರಿಂದ ಬೂಟ್ ಮಾಡುವುದಿಲ್ಲ.

ಬೋರ್ಡಿನ ಮೇಲಿರುವ ಬಿಲ್ಲೆಯಂಥ ಸಿಆರ್2032 ಬ್ಯಾಟರಿಯನ್ನು ಕೇಳದೇ ಬದಲಿಸಿ. ಈ ಊರಿಗೆ ಇದು ಮುಖ್ಯ. ಪ್ಲಗ್ ಹಾಕಿದ್ದಾಗ ಗಡಿಯಾರ ಓಡುವುದು ಪವರ್ ಸಪ್ಲೈಯಿಂದ. ಪ್ಲಗ್ ಕಿತ್ತಿಟ್ಟಾಗ ಮಾತ್ರ ಈ ಬಿಲ್ಲೆಯ ಮೇಲೆ ಭಾರ. ಸಿಡಿಲಿಗೆ ಹೆದರಿ ನಾವು ತಿಂಗಳುಗಟ್ಟಲೆ ಪ್ಲಗ್ ಕೀಳುವವರು, ಹಾಗಾಗಿ ಬ್ಯಾಟರಿ ಬೇಗ ಸೋಲುತ್ತದೆ. ಸೋತಾಗ ಕಾಣುವ ಲಕ್ಷಣ ವಿಚಿತ್ರ. ಯಂತ್ರ ಸರಿಯಾಗೇ ಏಳುತ್ತದೆ, ಇಂಟರ್‌ನೆಟ್ಟೂ ಇರುತ್ತದೆ, ಆದರೆ ಬ್ಯಾಂಕಿನ ಪುಟ ತೆರೆದರೆ ಸಂಪರ್ಕ ಸುರಕ್ಷಿತವಲ್ಲ ಎಂದು ಬ್ರೌಸರ್ ಬಾಗಿಲು ಹಾಕುತ್ತದೆ. ವೈರಸ್ ಬಂತೆಂದು ಗಾಬರಿ ಬೀಳುವ ಮುಂಚೆ ಮೂಲೆಯ ತಾರೀಖು ನೋಡಿ. ಅಲ್ಲಿ ಹತ್ತಾರು ವರ್ಷ ಹಿಂದಿನ ದಿನಾಂಕವಿದ್ದರೆ ಜಾಲತಾಣದ ಪ್ರಮಾಣಪತ್ರ ಆ ದಿನಕ್ಕೆ ಇನ್ನೂ ಹುಟ್ಟೇ ಇಲ್ಲ, ತಡೆ ಬರುವುದು ಅದಕ್ಕೆ. ಇಷ್ಟೇ ಆಗಿದ್ದರೆ ತೊಂದರೆಯಿಲ್ಲ. ಬ್ಯಾಟರಿ ಸತ್ತಾಗ ಬಯೋಸಿನ ಆಯ್ಕೆಗಳೂ ಮೊದಲಿನ ಸ್ಥಿತಿಗೆ ಹೋಗಬಹುದು, ಆಗ ಕೆಳಗೆ ಹೇಳುವ ಎಎಚ್‌ಸಿಐ (ಡಿಸ್ಕಿನೊಂದಿಗೆ ಬೋರ್ಡ್ ವ್ಯವಹರಿಸುವ ವಿಧಾನ) ಮಾಯವಾಗಿ ವಿಂಡೋಸ್ ನೀಲಿ ಪರದೆ ತೋರಿಸಿ ಕೂರುತ್ತದೆ.

ಬಯೋಸಿಗೆ ಹೋಗಲು ಎಫ್2, ಬೂಟ್ ಮೆನುಗೆ ಎಫ್12. ಸಿಸ್ಟಂ ಹಾಕುವ ಮುಂಚೆಯೇ ಸಾಟಾ ಆಪರೇಷನ್ ಅನ್ನು ರೈಡ್ ಆನ್‌ನಿಂದ ಎಎಚ್‌ಸಿಐಗೆ ಬದಲಿಸಿ. ಹಾಕಿದ ಮೇಲೆ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಬೂಟ್ ಲಿಸ್ಟ್ ಯುಇಎಫ್‌ಐ ಇರಲಿ. ಎಸಿ ರಿಕವರಿ ಎನ್ನುವುದನ್ನು ಪವರ್ ಆಫ್‌ನಲ್ಲೇ ಬಿಡಿ. ಮರ ಬಿದ್ದ ಲೈನ್ ಸರಿಮಾಡಿ ಪರೀಕ್ಷೆ ಮಾಡುವಾಗ ಕರೆಂಟು ಐದು ನಿಮಿಷದಲ್ಲಿ ನಾಲ್ಕು ಸಲ ಬಂದು ಹೋಗುತ್ತದೆ. ಲಾಸ್ಟ್ ಸ್ಟೇಟ್ ಇಟ್ಟಿದ್ದರೆ ಯಂತ್ರ ಆ ನಾಲ್ಕೂ ಸಲ ಎದ್ದು ಅರ್ಧಕ್ಕೆ ಬೀಳುತ್ತದೆ. ಹಿಂದಿನ ಕಂಪನಿಯವರು ಪಾಸ್‌ವರ್ಡ್ ಇಟ್ಟು ಬಿಟ್ಟಿದ್ದರೆ ಮದರ್‌ಬೋರ್ಡಿನ ಪಿಎಸ್‌ಡಬ್ಲ್ಯುಡಿ ಜಂಪರ್ (ಎರಡು ಪಿನ್ ಜೋಡಿಸುವ ಸಣ್ಣ ಟೋಪಿ) ತೆಗೆದು ಒಮ್ಮೆ ಆನ್ ಮಾಡಿದರೆ ಅಳಿಯುತ್ತದೆ. ಆಮೇಲೆ ಆಫ್ ಮಾಡಿ ಜಂಪರನ್ನು ಮತ್ತೆ ಹಾಕಿ. ಬಯೋಸ್ ಹೊಸದು ಹಾಕುವುದಿದ್ದರೆ ಒಳಗೆ ಹಳೆಯ ವಿಂಡೋಸ್ ಇರುವಾಗಲೇ ಮುಗಿಸಿ, ಅದೂ ಯುಪಿಎಸ್ ತುಂಬಾ ಚಾರ್ಜ್ ಆಗಿರುವ ದಿನ. ಆ ಕೆಲಸದ ಮಧ್ಯೆ ಕರೆಂಟು ಹೋದರೆ ಬೋರ್ಡೇ ಹೋಯಿತು ಎಂದುಕೊಳ್ಳಿ.

ಸಿಸ್ಟಂ ಯಾವುದು? ವಿಂಡೋಸ್ 11 ಇದಕ್ಕೆ ಅಧಿಕೃತವಾಗಿ ಹಾಕುವಂತಿಲ್ಲ: ಇದರಲ್ಲಿ ಟಿಪಿಎಂ ಎಂಬ ಸುರಕ್ಷಾ ಚಿಪ್ಪಿನ 1.2 ಇದೆ, ವಿಂಡೋಸ್ 11 2.0 ಕೇಳುತ್ತದೆ, ಪ್ರೊಸೆಸರ್ ಪಟ್ಟಿಯೂ 8ನೇ ಪೀಳಿಗೆಯಿಂದ ಶುರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ತಂತ್ರ ಮಾಡಿ 11 ಹಾಕುವವರಿದ್ದಾರೆ, ಬ್ಯಾಂಕಿನ ಕೆಲಸ ಮಾಡುವ ಯಂತ್ರಕ್ಕೆ ಅದು ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಟ್ಯಾಲಿಗೆ ಅಥವಾ ಡಿಜಿಟಲ್ ಸಹಿಯ ಟೋಕನ್ನಿಗೆ ವಿಂಡೋಸೇ ಬೇಕಾದವರಿಗೆ ಈ ಯಂತ್ರವನ್ನು ಹೊಸದಾಗಿ ಕೊಳ್ಳಿ ಎಂದು ಹೇಳುವುದಿಲ್ಲ. ಉಳಿದವರು ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಹಾಕಿಕೊಳ್ಳಿ, 2029ರವರೆಗೆ ಚಿಂತೆಯಿಲ್ಲ. ನೆಟ್‌ವರ್ಕ್, ಸೌಂಡ್, ಗ್ರಾಫಿಕ್ಸ್ ಯಾವುದಕ್ಕೂ ಡ್ರೈವರ್ ಹುಡುಕಬೇಕಾಗಿಲ್ಲ.

ಕನ್ನಡ ಟೈಪ್ ಮಾಡಲು ಐಬಸ್ ಮತ್ತು ಎಂ17ಎನ್ ಎಂಬ ತಂತ್ರಾಂಶ ಹಾಕಿ, ಪಟ್ಟಿಯಲ್ಲಿ ಕೆಜಿಪಿ ವಿನ್ಯಾಸ ಆರಿಸಿ. ನುಡಿಯಲ್ಲಿ ಟೈಪ್ ಮಾಡಿ ಕೈ ಕೂತವರಿಗೆ ಅದೇ ಕೀಲಿಗಳು. ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿತವರಿಗೆ ಅದು ಕೂಡ ಇದೆ. ಗುಬ್ಬಿ, ನವಿಲು ಫಾಂಟುಗಳು ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಸಿಗುತ್ತವೆ, ಒತ್ತಕ್ಷರ ಚೆನ್ನಾಗಿ ಕೂರುತ್ತದೆ. ಒಂದು ಎಚ್ಚರಿಕೆ: ಹಳೆಯ ನುಡಿ ಫಾಂಟಿನ ಆಸ್ಕಿ ಕಡತಗಳು ಇಲ್ಲಿ ಕನ್ನಡವಾಗಿ ಕಾಣವು, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹಳೆಯ ಯಂತ್ರ ಬಿಡುವ ಮೊದಲೇ ಪರಿವರ್ತಕದಲ್ಲಿ ಯೂನಿಕೋಡಿಗೆ ಬದಲಿಸಿಕೊಳ್ಳಿ.

ಇನ್ನು ಕರೆಂಟು. ಇದರ ಪವರ್ ಸಪ್ಲೈ 100ರಿಂದ 240 ವೋಲ್ಟ್ ತನಕ ತಾನೇ ಹೊಂದಿಕೊಳ್ಳುತ್ತದೆ, ಹಾಗಾಗಿ ಲೈನಿನ ಕೊನೆಯ ತೋಟಗಳಲ್ಲಿ ಸಂಜೆ ವೋಲ್ಟೇಜ್ 160ಕ್ಕೆ ಇಳಿದರೂ ಯಂತ್ರಕ್ಕೆ ಏನೂ ಆಗದು. ಅಲ್ಲಿ ಸೋಲುವುದು ಯುಪಿಎಸ್. ಅದು 160 ನೋಡಿ ಕರೆಂಟು ಹೋಯಿತೆಂದುಕೊಂಡು ಬ್ಯಾಟರಿಗೆ ಹಾರುತ್ತದೆ, ಮತ್ತೆ ಬರುತ್ತದೆ, ಮತ್ತೆ ಹಾರುತ್ತದೆ. ಟಕ್ ಟಕ್ ಎಂದು ರಿಲೇ ಸದ್ದು ಸಂಜೆಯಿಡೀ ಕೇಳಿಸಿದರೆ ಕಾರಣ ಅದೇ, ಮತ್ತು ಆ ಬ್ಯಾಟರಿ ವರ್ಷದೊಳಗೆ ಸಾಯುತ್ತದೆ. ಮನೆಯ ಇನ್ವರ್ಟರಿನ ಹಿಂದೆ ಯುಪಿಎಸ್ ಮತ್ತು ನಾರ್ಮಲ್ ಎಂಬ ಸ್ವಿಚ್ ಇರುತ್ತದೆ. ಯುಪಿಎಸ್ ಕಡೆ ಇಟ್ಟರೆ ಬದಲಾವಣೆ ಬೇಗ, ಯಂತ್ರ ಆರುವುದಿಲ್ಲ, ಆದರೆ 180 ವೋಲ್ಟಿನ ಆಸುಪಾಸಿನಲ್ಲೇ ಬ್ಯಾಟರಿಗೆ ಹೋಗುತ್ತದೆ. ನಾರ್ಮಲ್ ಕಡೆ ಇಟ್ಟರೆ ಕಡಿಮೆ ವೋಲ್ಟೇಜ್ ತಾಳುತ್ತದೆ, ಬದಲಾಗುವ ಕ್ಷಣದಲ್ಲಿ ಯಂತ್ರ ರೀಸ್ಟಾರ್ಟ್ ಆಗುತ್ತದೆ. ವೋಲ್ಟೇಜ್ ಬೀಳುವ ಕಡೆ ಇನ್ವರ್ಟರನ್ನು ನಾರ್ಮಲ್‌ನಲ್ಲಿಟ್ಟು, ವೋಲ್ಟೇಜ್ ಏರಿಸಿ ಕೊಡುವ 600 ವಿಎ ಲೈನ್ ಇಂಟರಾಕ್ಟಿವ್ ಯುಪಿಎಸ್ ಒಂದನ್ನು ಯಂತ್ರಕ್ಕೆಂದೇ ಕೊಡುವುದು ಸರಿಯಾದ ದಾರಿ. ಇನ್ವರ್ಟರ್ ಸೈನ್ ವೇವ್ ಆಗಿರಲಿ. ಸ್ಕ್ವೇರ್ ವೇವಿನಲ್ಲಿ ಪವರ್ ಸಪ್ಲೈ ಗುಂಯ್‌ಗುಡುತ್ತದೆ. ಮಾನಿಟರನ್ನೂ ಅದೇ ಯುಪಿಎಸ್‌ಗೆ ಹಾಕಿ, ಪ್ರಿಂಟರ್ ಮಾತ್ರ ಹಾಕಬೇಡಿ. ಲೇಸರ್ ಪ್ರಿಂಟರ್ ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟಿಗೆ 600 ವಿಎ ಕುಸಿಯುತ್ತದೆ.

ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಅರ್ಥಿಂಗ್ ಇಲ್ಲ ಎಂದು ಅರ್ಥ. ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಎರಡೂ ತಂತಿಯಿಂದ ಪೆಟ್ಟಿಗೆಗೆ ಜೋಡಿಸಿರುತ್ತವೆ; ಭೂಮಿಗೆ ದಾರಿ ಇಲ್ಲದಿದ್ದರೆ ಪೆಟ್ಟಿಗೆಯ ಮೇಲೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಕರೆಂಟು ತೀರಾ ಕಡಿಮೆ, ಆದರೆ ಅದೇ ಯುಎಸ್‌ಬಿ ಮೂಲಕ ಪ್ರಿಂಟರಿಗೆ, ತೂಕದ ಯಂತ್ರಕ್ಕೆ ಹರಿದು ಪೋರ್ಟ್ ಸುಡಬಹುದು. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್ ಕರೆಸಿ.

ಸಿಡಿಲಿನ ಭಯ ಹೆಚ್ಚು ಇರುವುದು ಕಕ್ಕಡದ (ಜುಲೈ-ಆಗಸ್ಟಿನ) ಮಳೆಗಿಂತ ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ. ಎಲ್ಲರೂ ಪವರ್ ಪ್ಲಗ್ ಕೀಳುತ್ತಾರೆ, ನೆಟ್‌ವರ್ಕ್ ತಂತಿಯನ್ನು ಮರೆಯುತ್ತಾರೆ. ಫೈಬರ್ ಬಂದಿದೆಯಲ್ಲ ಎನ್ನಬಹುದು. ಫೈಬರಿನಲ್ಲಿ ಸಿಡಿಲು ಬಾರದು ನಿಜ, ಆದರೆ ಅದರ ಪೆಟ್ಟಿಗೆಯ ಅಡಾಪ್ಟರ್ ಕರೆಂಟಿನಲ್ಲಿದೆ, ಅಲ್ಲಿಂದ ತಾಮ್ರದ ತಂತಿ ನೇರ ನಿಮ್ಮ ಯಂತ್ರಕ್ಕೆ. ಬೋರ್ಡಿನ ಪೋರ್ಟ್ ಹೋದರೆ ಯಂತ್ರ ಎಸೆಯಬೇಡಿ, ಗಿಡ್ಡ ಪಟ್ಟಿಯ ಪಿಸಿಐಇ ಗಿಗಾಬಿಟ್ ಕಾರ್ಡ್ ಹಾಕಿದರಾಯಿತು.

ತೇವದ್ದು ನಿಧಾನದ ಕಾಟ. ಜುಲೈನಲ್ಲಿ ಎರಡು ವಾರ ಮುಚ್ಚಿಟ್ಟ ಯಂತ್ರ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಪವರ್ ಬಟನ್ ಬಿಳಿಯ ಬದಲು ಕಿತ್ತಳೆ. ಹತ್ತರಲ್ಲಿ ಎಂಟು ಸಲ ಇದು ರ‍್ಯಾಮಿನ ಕಾಲು. ಪ್ಲಗ್ ಕಿತ್ತು, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿಹಿಡಿದು, ಕಡ್ಡಿ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕನ್ನಡಿಗೆ ಉಸಿರು ಬಿಟ್ಟ ಹಾಗೆ ಮಂಕು ಪದರ, ಅಂಚಿನಲ್ಲಿ ಕಂದು ಚುಕ್ಕೆ ಕಾಣುತ್ತದೆ. ಮಕ್ಕಳ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ, ಹಲ್ಲಿನ ಉದ್ದಕ್ಕೆ ಮೆಲ್ಲಗೆ ಉಜ್ಜಿ. ಶಾಯಿ ಅಳಿಸುವ ಒರಟು ರಬ್ಬರ್ ಚಿನ್ನದ ಲೇಪವನ್ನೇ ಕೀಳುತ್ತದೆ. ಪುಡಿ ಊದಿ, ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿದ ಮೇಲೆ ಕೊಕ್ಕೆ ಎರಡೂ ಕಡೆ ಕಟಕ್ ಎನ್ನುವವರೆಗೆ ಒತ್ತಿ ಕೂರಿಸಿ.

ಇದು ಬಾರದಂತೆ ನೋಡಿಕೊಳ್ಳಲು ಸುಲಭದ ದಾರಿ ಮಳೆಗಾಲದಲ್ಲಿ ದಿನಾ ಎರಡು ಗಂಟೆ ಓಡಿಸುವುದು. ಬೀರುವಿನೊಳಗೆ ಬಲ್ಬ್ ಉರಿಸಿ ಬಟ್ಟೆ ಕಾಯುತ್ತಿದ್ದ ಹಾಗೆ, ಓಡುವ ಯಂತ್ರ ತನ್ನ ಬಿಸಿಯಲ್ಲೇ ಒಣಗಿರುತ್ತದೆ. ನೀರು ಬೆವರುವ ಹೊರಗೋಡೆಯಿಂದ ನಾಲ್ಕು ಇಂಚು ದೂರ, ನೆಲದಿಂದ ಒಂದು ಅಡಿ ಮೇಲೆ ಇಡಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಹತ್ತಿ ಬಟ್ಟೆ ಸಾಕು, ಓಡುವಾಗ ಅದನ್ನೂ ತೆಗೆಯಿರಿ. ಹಿಂಬದಿಯ ಖಾಲಿ ಸ್ಲಾಟಿಗೆ ತಗಡಿನ ಪಟ್ಟಿ ಇಲ್ಲದಿದ್ದರೆ ಹಾಕಿಸಿ. ಬೆಚ್ಚಗಿದೆ ಎಂದು ಹಲ್ಲಿ, ಇರುವೆ ಒಳಗೆ ಸೇರುತ್ತವೆ. ಕುಶಾಲನಗರದ ಕಡೆ ತೇವ ಇಷ್ಟಿಲ್ಲ. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿಯವರು ಇದನ್ನು ತಪ್ಪಿಸಬಾರದು. ಕಾಫಿ ಕುಯ್ಲಿನ ಕಾಲದಲ್ಲಿ ಕಣದ ಧೂಳಿನದು ಬೇರೆ ಲೆಕ್ಕ: ಮಾರ್ಚ್ ಮುಗಿದ ಮೇಲೆ ಒಮ್ಮೆ ಬ್ರಷ್ ಹಿಡಿದು ಹೀಟ್‌ಸಿಂಕ್ ಬಿಡಿಸಿ ಗುಡಿಸಿ.

ಕೊರತೆಗಳಿವೆ. ಎಚ್‌ಡಿಎಂಐ ಇಲ್ಲ, ಎರಡು ಡಿಸ್‌ಪ್ಲೇಪೋರ್ಟ್ ಮತ್ತು ಒಂದು ವಿಜಿಎ ಇದೆ. ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಕೇಳಿ, ಉಲ್ಟಾ ಕೊಟ್ಟರೆ ಚಿತ್ರ ಬರುವುದಿಲ್ಲ. ಎಚ್‌ಡಿ 2500 ಗ್ರಾಫಿಕ್ಸಿನಲ್ಲಿ 1080 ವಿಡಿಯೋ ನೋಡಬಹುದು, 4ಕೆ ತಡವರಿಸುತ್ತದೆ. ವೈಫೈ ಇಲ್ಲ. ಯುಎಸ್‌ಬಿ ಡಾಂಗಲ್ ಹಾಕುವುದಾದರೆ ಹಿಂದಿನ ಕಪ್ಪು 2.0 ಪೋರ್ಟಿಗೆ, ಒಂದು ಮೀಟರ್ ಎಕ್ಸ್‌ಟೆನ್ಷನ್ ತಂತಿ ಕೊಟ್ಟು ಮೇಜಿನ ಮೇಲಿಡಿ. ನೀಲಿ 3.0 ಪೋರ್ಟಿನಿಂದ ಹೊಮ್ಮುವ ರೇಡಿಯೋ ಅಲೆಗಳು 2.4 ಗಿಗಾಹರ್ಟ್ಸಿನ ವೈಫೈಗೆ ಅಡ್ಡ ಬರುತ್ತವೆ. ಸೀರಿಯಲ್ ಪೋರ್ಟ್ ಇರುವುದು ದೊಡ್ಡ ಅನುಕೂಲ, ತೂಕದ ಯಂತ್ರವನ್ನು ಅಡಾಪ್ಟರ್ ಇಲ್ಲದೆ ನೇರ ಜೋಡಿಸಬಹುದು.

ಕೊಳ್ಳುವಾಗಲೇ ನೋಡಬೇಕಾದದ್ದು ಫ್ಯಾನ್ ಮತ್ತು ಪವರ್ ಸಪ್ಲೈ. ಫ್ಯಾನಿಗೆ ಐದು ಪಿನ್ನಿನ ಕನೆಕ್ಟರ್, ಅಂಗಡಿಯ ನಾಲ್ಕು ಪಿನ್ನಿನದು ನೇರ ಕೂರದು. ಪವರ್ ಸಪ್ಲೈ ಈ ಪೆಟ್ಟಿಗೆಗೇ ಅಳತೆ ಮಾಡಿದ್ದು. ಮಡಿಕೇರಿಯಲ್ಲಿ ಸಿಗದಿದ್ದರೆ ಮೈಸೂರಿಗೆ 120 ಕಿಲೋಮೀಟರ್ ಹೋಗಬೇಕು, ಅಥವಾ ಕೊರಿಯರ್ ಕಾಯಬೇಕು. ಸತ್ತ 7010 ಎಸ್‌ಎಫ್‌ಎಫ್ ಯಾವುದಾದರೂ ಗುಜರಿಯ ಬೆಲೆಗೆ ಸಿಕ್ಕರೆ ಬಿಡಿಭಾಗಕ್ಕೆಂದು ತಂದಿಡಿ, ಪವರ್ ಸಪ್ಲೈಯನ್ನು ಮಾತ್ರ ಮೇ ತಿಂಗಳಲ್ಲಿ ಒಮ್ಮೆ ಹಾಕಿ ಓಡಿಸಿ ನೋಡಿ.