ಸೋರುವ, ಜಾರುವ ವೆಲ್ವೆಟ್ ಡ್ರೈವ್ 71ಸಿಗೆ ರಿಪೇರಿ ಕಿಟ್: ನಾಲ್ಕು ಹಂಗಾಮಿನ ನಂತರ

ಐದಕ್ಕೆ ನಾಲ್ಕು ಅಂಕ. ಕಿಟ್‌ನಲ್ಲಿ ಬಂದ ಸಾಮಾನಿನ ಬಗ್ಗೆ ದೂರಿಲ್ಲ, ಬಾರದ ಸಾಮಾನಿಗೆ ಒಂದು ಅಂಕ ಕಡಿತ. ಎಂಜಿನ್ ಒಡಲೊಳಗೇ ಇರುವ ಹಳೆಯ ಇನ್‌ಬೋರ್ಡ್ ದೋಣಿಗಳಲ್ಲಿ ಇಂದಿಗೂ ಕಾಣುವ ಬೋರ್ಗ್ ವಾರ್ನರ್ ವೆಲ್ವೆಟ್ ಡ್ರೈವ್ 71ಸಿ ಗೇರ್‌ಬಾಕ್ಸ್‌ಗೆ ಪೂರ್ಣ ಕಿಟ್ ಅಂದರೆ ಮುಂದಿನ ಪಂಪ್ ಸೀಲ್, ಹಿಂದಿನ ಔಟ್‌ಪುಟ್ ಸೀಲ್, ಫಾರ್ವರ್ಡ್ ಮತ್ತು ರಿವರ್ಸ್ ಕ್ಲಚ್ ಪ್ಲೇಟ್‌ಗಳು, ಪಿಸ್ಟನ್ನಿನ ರಿಂಗ್‌ಗಳು, ಶಾಫ್ಟಿನ ಸೀಲಿಂಗ್ ರಿಂಗ್‌ಗಳು, ಜೊತೆಗೆ ಗ್ಯಾಸ್ಕೆಟ್ ಮತ್ತು ಓ-ರಿಂಗ್‌ಗಳ ಒಂದು ಕಟ್ಟು. ಸವೆದದ್ದನ್ನೆಲ್ಲ ಇದು ಬದಲಿಸುತ್ತದೆ. ಆದರೆ ಸವೆತಕ್ಕೆ ಕಾರಣವಾಗುವ ಆಯಿಲ್ ಕೂಲರ್, ಡ್ಯಾಂಪರ್ ಪ್ಲೇಟ್ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಧಕ್ಕೆ ಹೀರುವ ಸ್ಪ್ರಿಂಗ್ ತಟ್ಟೆ), ಶಾಫ್ಟ್ ಅಲೈನ್‌ಮೆಂಟ್, ಗೇರ್ ಕೇಬಲ್ ಇವುಗಳ ತಂಟೆಗೇ ಹೋಗುವುದಿಲ್ಲ.

ಆದ್ದರಿಂದ ಕಿಟ್ ತರಿಸುವ ಮೊದಲು ಕೇಬಲ್ ನೋಡಿ. ಫಾರ್ವರ್ಡ್‌ಗೆ ಹಾಕಿದಾಗ ಗೇರ್‌ಬಾಕ್ಸ್ ಮೇಲಿನ ಲಿವರ್ ಕೇಸಿನಲ್ಲಿ ಎರಕಹೊಯ್ದ ಎಫ್ ಅಕ್ಷರವನ್ನು ಮುಚ್ಚಬೇಕು, ರಿವರ್ಸ್‌ನಲ್ಲಿ ಆರ್ ಅಕ್ಷರವನ್ನು. ಲಿವರಿನ ಅಡಿಯಲ್ಲಿರುವ ಸ್ಪ್ರಿಂಗ್-ಗುಂಡು ತನ್ನ ಕುಳಿಗೆ ಟಕ್ಕನೆ ಕೂರಬೇಕು. ಕೇಬಲ್ ಉದ್ದ ತಪ್ಪಿ ಲಿವರ್ ಅರ್ಧ ದಾರಿಯಲ್ಲಿ ನಿಂತರೆ ವಾಲ್ವ್ ಪೂರ್ತಿ ತೆರೆಯದು, ಒತ್ತಡ ಸಾಲದು, ಪ್ಲೇಟ್ ಜಾರಿ ಸುಡುತ್ತದೆ. ಹ್ಯಾಂಡಲ್ ಹಗುರಾಗಲಿ ಅಂತ ಆ ಗುಂಡನ್ನೇ ತೆಗೆದುಹಾಕಿದ ಗೇರ್‌ಬಾಕ್ಸ್‌ಗಳೂ ಉಂಟು. ಪರೀಕ್ಷೆ ಸುಲಭ: ಕೇಬಲ್ ಕಳಚಿ, ಕೈಯಿಂದಲೇ ಲಿವರ್ ತಳ್ಳಿ. ದೋಣಿ ಸರಿಯಾಗಿ ಎಳೆದರೆ ಗೇರ್‌ಬಾಕ್ಸ್ ನಿರಪರಾಧಿ. ಹಾಗೆಯೇ ಕಪ್ಲಿಂಗ್ (ಗೇರ್‌ಬಾಕ್ಸನ್ನು ಪ್ರೊಪೆಲ್ಲರ್ ಶಾಫ್ಟಿಗೆ ಜೋಡಿಸುವ ಭಾಗ) ಮತ್ತು ಪ್ರೊಪೆಲ್ಲರ್ ಶಾಫ್ಟ್ ಎರಡರ ಮೇಲೂ ಹಾಯುವಂತೆ ಸೀಮೆಸುಣ್ಣದ ಒಂದೇ ಗೆರೆ ಎಳೆದು, ಲೋಡ್ ಕೊಟ್ಟು ನೋಡಿ. ಗೆರೆ ತುಂಡಾಗಿ ಸರಿದಿದ್ದರೆ ಜಾರುತ್ತಿರುವುದು ಕಪ್ಲಿಂಗ್ ಒಳಗಿನ ಶಾಫ್ಟ್, ಕ್ಲಚ್ ಅಲ್ಲ.

ಆಮೇಲೆ ಪ್ರೆಶರ್ ಗೇಜ್. 0ರಿಂದ 300 ಪಿಎಸ್‌ಐ ಅಳೆಯುವ ಗೇಜನ್ನು ಒತ್ತಡದ ಪೋರ್ಟ್‌ಗೆ ಹಾಕಿ, ಆಯಿಲ್ ಚೆನ್ನಾಗಿ ಬಿಸಿಯಾದ ಮೇಲೆ 2000 ಆರ್‌ಪಿಎಂನಲ್ಲಿ ಓದಿ. 120ರಿಂದ 140ರ ಆಸುಪಾಸು ಇದ್ದರೆ ಆರೋಗ್ಯ. ಎಲ್ಲ ಗೇರ್‌ಗಳಲ್ಲೂ ಕಡಿಮೆ ಬಂದರೆ ಆಯಿಲ್ ಮಟ್ಟ, ಕಟ್ಟಿಕೊಂಡ ಜಾಲರಿ, ಪಂಪ್ ಅಥವಾ ರೆಗ್ಯುಲೇಟರ್ ವಾಲ್ವ್ ಕಡೆ ನೋಡಿ. ಫಾರ್ವರ್ಡ್‌ನಲ್ಲಿ ಮಾತ್ರ ಬಿದ್ದರೆ ಸೀಲಿಂಗ್ ರಿಂಗ್ ಅಥವಾ ಫಾರ್ವರ್ಡ್ ಪಿಸ್ಟನ್, ರಿವರ್ಸ್‌ನಲ್ಲಿ ಮಾತ್ರ ಬಿದ್ದರೆ ಆ ಕಡೆಯ ಪಿಸ್ಟನ್ ರಿಂಗ್. ಒತ್ತಡ ಸರಿಯಿದ್ದೂ ಜಾರುತ್ತಿದ್ದರೆ ಮಾತ್ರ ಪ್ಲೇಟ್ ಸುಟ್ಟಿದೆ ಎಂದು ಹೇಳಬಹುದು. ಡಿಪ್‌ಸ್ಟಿಕ್ ಮೂಸಿದರೆ ಕರಕಲು ವಾಸನೆಯೂ ಬರುತ್ತದೆ.

ಆಯಿಲ್ ಮಟ್ಟದ ಬಗ್ಗೆ ಒಂದು ಮಾತು. ಈ ಗೇರ್‌ಬಾಕ್ಸ್‌ನಲ್ಲಿ ಬಿಸಿ ಎಂಜಿನ್ ನಿಲ್ಲಿಸಿದ ತಕ್ಷಣ ಅಳೆಯಬೇಕು. ರಾತ್ರಿಯಿಡೀ ಬಿಟ್ಟರೆ ಕೂಲರ್ ಮತ್ತು ಪೈಪಿನಲ್ಲಿದ್ದ ಆಯಿಲ್ ಕೆಳಗಿಳಿದು, ಇಲ್ಲದ ಮಟ್ಟ ತೋರಿಸುತ್ತದೆ. ಸಾಮಾನ್ಯವಾಗಿ ಸುಮಾರು 2 ಲೀಟರ್ ಹಿಡಿಯುತ್ತದಾದರೂ ಎಂಜಿನ್ ಕೂತ ಇಳಿಜಾರಿನ ಮೇಲೆ ಅಳತೆ ಬದಲಾಗುತ್ತದೆ, ಡಿಪ್‌ಸ್ಟಿಕ್ ಗುರುತೇ ಕೊನೆಯ ಮಾತು. ಹೆಚ್ಚಾದರೂ ತೊಂದರೆಯೇ: ನೊರೆಯೆದ್ದು ಬ್ರೀದರ್‌ನಿಂದ (ಗಾಳಿ ಆಡುವ ತೂತು) ಉಗುಳಿ, ಸೀಲ್ ಹೋಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಸೋರಿಕೆ ಹುಡುಕುವುದಕ್ಕೆ ಮೊದಲು ಗೇರ್‌ಬಾಕ್ಸ್ ಒರೆಸಿ ಒಣಗಿಸಿ, ಅಡಿಗೆ ಬಿಳಿ ಕಾಗದ ಹಾಸಿ. ಬೆಲ್ ಹೌಸಿಂಗಿನ (ಎಂಜಿನ್ನಿಗೂ ಗೇರ್‌ಬಾಕ್ಸ್‌ಗೂ ನಡುವಿನ ಕವಚ) ಕೆಳತೂತಿನಿಂದ ಗೇರ್‌ಬಾಕ್ಸ್ ಆಯಿಲ್‌ನ ಕೆಂಪು ಹನಿ ಬಿದ್ದರೆ ಪಂಪ್ ಸೀಲ್. ಕಪ್ಪು ಹನಿಯಾದರೆ ಅದು ಎಂಜಿನ್ನಿನ ಹಿಂದಿನ ಸೀಲ್, ಗೇರ್‌ಬಾಕ್ಸ್ ಬಿಚ್ಚಿದಾಗ ಅದನ್ನೂ ಮುಗಿಸಿಬಿಡಿ. ಕಪ್ಲಿಂಗ್ ಹಿಂದೆ ವೃತ್ತಾಕಾರವಾಗಿ ಆಯಿಲ್ ಚಿಮ್ಮಿದ ಕಲೆಯಿದ್ದರೆ ಔಟ್‌ಪುಟ್ ಸೀಲನ್ನು ಬೈಯುವ ಮೊದಲು ಕಪ್ಲಿಂಗ್ ನಟ್ಟು ನೋಡಿ. ಆಯಿಲ್ ಸ್ಪ್ಲೈನ್ ಹಲ್ಲುಗಳ (ಶಾಫ್ಟಿನ ಉದ್ದಕ್ಕೆ ಕೊರೆದ ಗಾಡಿಗಳು) ಸಂದಿಯಲ್ಲೇ ಹರಿದು ನಟ್ಟಿನಡಿಯಿಂದ ಹೊರಬರುತ್ತದೆ. ಹೊಸ ಸೀಲ್ ಹಾಕಿಯೂ ಸೋರುವ ಗೇರ್‌ಬಾಕ್ಸ್‌ಗಳಲ್ಲಿ ಮೊದಲು ಸಂಶಯಪಡಬೇಕಾದ ಜಾಗ ಇದೇ. ಜೋಡಿಸುವಾಗ ಸ್ಪ್ಲೈನ್‌ಗೂ ನಟ್ಟಿನ ಮುಖಕ್ಕೂ ಗಟ್ಟಿಯಾಗದ ಸೀಲಂಟ್ ಸವರಬೇಕು. ಕಿಟ್‌ನಲ್ಲಿ ಸೀಲಂಟೂ ಇಲ್ಲ, ಅದರ ಬಗ್ಗೆ ಒಂದು ಸಾಲಿನ ಸೂಚನೆಯೂ ಇಲ್ಲ.

ಇಳಿಸುವ ಕೆಲಸಕ್ಕೆ ಒಬ್ಬರು ಸಾಲದು. ವೇಗ ತಗ್ಗಿಸುವ ರಿಡಕ್ಷನ್ ಗೇರ್ ಇಲ್ಲದ 71ಸಿ ತಾನೇ 40 ಕಿಲೋ ಆಸುಪಾಸು ತೂಗುತ್ತದೆ. ಬೆಲ್ ಹೌಸಿಂಗಿನ ಎರಡು ಬೋಲ್ಟ್ ತೆಗೆದು ಆ ಜಾಗಕ್ಕೆ ಉದ್ದನೆಯ ಸ್ಟಡ್ ಹಾಕಿ, ಗೇರ್‌ಬಾಕ್ಸನ್ನು ಅದರ ಮೇಲೆ ಜಾರಿಸಿಕೊಂಡು ಹಿಂದೆ ಎಳೆಯಿರಿ. ಇನ್‌ಪುಟ್ ಸ್ಪ್ಲೈನ್ ಮೇಲೆ ಭಾರ ನೇತುಬಿದ್ದರೆ ಡ್ಯಾಂಪರ್ ಪ್ಲೇಟಿನ ನಡುಭಾಗ ಬಾಗುತ್ತದೆ. ಆ ಡ್ಯಾಂಪರ್ ಹೇಗೂ ಕಣ್ಣೆದುರಿಗೆ ಬರುತ್ತದಲ್ಲ, ಸ್ಪ್ರಿಂಗ್‌ಗಳನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ. ಸಡಿಲವಿದ್ದರೆ, ಅಥವಾ ಐಡಲ್‌ನಲ್ಲಿ ಕಲ್ಲು ಕುಲುಕಿದ ಸದ್ದು ಬರುತ್ತಿದ್ದರೆ, ಈಗಲೇ ಬದಲಿಸಿ.

ಒಳಗಿನ ಜೋಡಣೆಯಲ್ಲಿ ಪ್ಲೇಟ್‌ಗಳು ಚೆನ್ನಾಗಿ ಕೂತವು. ಹೊಸ ಪ್ಲೇಟ್‌ಗಳನ್ನು ಕನಿಷ್ಠ ಅರ್ಧ ಗಂಟೆ ಎಟಿಎಫ್‌ನಲ್ಲಿ (ಈ ಗೇರ್‌ಬಾಕ್ಸ್‌ಗೆ ಹಾಕುವ ಟ್ರಾನ್ಸ್‌ಮಿಷನ್ ಆಯಿಲ್) ನೆನೆಹಾಕಿ. ಒಣಗಿದ್ದನ್ನು ಹಾಕಿದರೆ ಮೊದಲ ಸುತ್ತಿನಲ್ಲೇ ಮೈ ಹೊಳಪಾಗಿ ಹಿಡಿತ ಹೋಗುತ್ತದೆ. ಹಳೆಯ ಉಕ್ಕಿನ ಪ್ಲೇಟ್ ಮತ್ತೆ ಬಳಸುವುದಾದರೆ ಗಾಜಿನ ಮೇಲಿಟ್ಟು ಅಂಚು ಒತ್ತಿ ನೋಡಿ. ಕುಂಟಿದರೆ ಎಸೆಯಿರಿ, ನೀಲಿ ಕಲೆಯಿದ್ದರೂ ಎಸೆಯಿರಿ. ಪಿಸ್ಟನ್ ರಬ್ಬರಿಗೆ ವ್ಯಾಸಲೀನ್ ಸವರಿ, ಗ್ರೀಸ್ ಬೇಡ. ಸೀಲ್ ಕೂರಿಸುವಾಗ ಸ್ಪ್ಲೈನ್ ಮೇಲೆ ಟೇಪ್ ಸುತ್ತಿ ತುಟಿ ಹರಿಯದಂತೆ ದಾಟಿಸಿ. ಹಳೆಯ ಸೀಲ್ ತುಟಿ ತೇಯ್ದ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಹೊಸ ಸೀಲ್ ಎಷ್ಟು ಒಳ್ಳೆಯದಿದ್ದರೂ ಸೋರುತ್ತದೆ. ತೆಳು ಉಕ್ಕಿನ ಸ್ಲೀವ್ ಹಾಕಿಸಬೇಕು. ಪೈಪ್ ಜೋಡಣೆಗೆ ಟೆಫ್ಲಾನ್ ಟೇಪ್ ಬಳಸಬೇಡಿ, ಅದರ ಎಳೆ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಪಂಪ್ ಕೂರಿಸುವಾಗ ಎಚ್ಚರ. ಅದು ಎರಡೂ ದಿಕ್ಕಿಗೆ ಹೊಂದುತ್ತದೆ. ಪಂಪ್ ಮುಖದ ಬಾಣಗಳಲ್ಲಿ ಮೇಲ್ತುದಿಗೆ ಹತ್ತಿರವಿರುವುದು ಎಂಜಿನ್ ತಿರುಗುವ ದಿಕ್ಕನ್ನೇ ತೋರಿಸಬೇಕು. ತಪ್ಪಿದರೆ ಒತ್ತಡವೇ ಹುಟ್ಟದು. ಜೋಡಿ ಎಂಜಿನ್ ದೋಣಿಯಲ್ಲಿ ಒಂದು ಎಂಜಿನ್ ಉಲ್ಟಾ ತಿರುಗುವುದುಂಟು, ಪಕ್ಕದ್ದನ್ನು ನೋಡಿ ಇದನ್ನು ಜೋಡಿಸಬೇಡಿ.

ಆಯಿಲ್ ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣಕ್ಕೆ ತಿರುಗಿದ್ದರೆ ಕೂಲರ್ ಒಳಗಿನ ಕೊಳವೆ ತೂತಾಗಿದೆ. ನೀರು ಪ್ಲೇಟಿನ ಮೈಯನ್ನೂ ಬೇರಿಂಗನ್ನೂ ತಿನ್ನುತ್ತದೆ. ಆಯಿಲ್ ಬದಿಯ ಒಂದು ತುದಿ ಮುಚ್ಚಿ, ಇನ್ನೊಂದರಿಂದ ಹದವಾದ ಗಾಳಿ ಕೊಟ್ಟು, ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಹೊಸ ಕೂಲರ್ ಬೇಕು. ಸಂದೇಹವಿದ್ದರೂ ಹೊಸದೇ ಹಾಕಿ, ಹೊಸ ಪ್ಲೇಟ್‌ಗಳ ಸೆಟ್‌ಗಿಂತ ಅಗ್ಗ. ಹಳೆಯ ಹೋಸ್ ತೊಳೆದು ಬಳಸುವ ಉಳಿತಾಯ ಬೇಡ, ಸುಟ್ಟ ಪ್ಲೇಟಿನ ಪುಡಿ ಅಲ್ಲೇ ಅಂಟಿರುತ್ತದೆ.

ಅಲೈನ್‌ಮೆಂಟನ್ನು ದೋಣಿ ನೀರಿಗಿಳಿದು ಒಂದು ದಿನವಾದರೂ ತೇಲಿದ ಮೇಲೆ ನೋಡಬೇಕು, ದಡದಲ್ಲಿ ಮಾಡಿದ್ದು ಲೆಕ್ಕಕ್ಕಿಲ್ಲ. ಕಪ್ಲಿಂಗ್ ಮುಖಗಳನ್ನು ಕೈಯಿಂದ ಸೇರಿಸಿ ನಾಲ್ಕೂ ಕಡೆ ಸಂದಿ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್ ತೂರಿಸಿ. ವ್ಯತ್ಯಾಸ 0.003 ಇಂಚು, ಅಂದರೆ ಸುಮಾರು 0.08 ಮಿಲಿಮೀಟರ್ ದಾಟಬಾರದು. ದಾಟಿದರೆ ಔಟ್‌ಪುಟ್ ಸೀಲ್ ಮತ್ತೆ ಸೋರುವ ದಿನ ದೂರವಿಲ್ಲ.

ನಾಲ್ಕನೇ ಹಂಗಾಮು ನಡೆಯುತ್ತಿದೆ. ಪಂಪ್ ಸೀಲ್ ಸೋರುತ್ತಿಲ್ಲ, ಹಿಂದಿನದೂ ಹಾಗೇ. ಬಿಸಿ ಆಯಿಲ್‌ನ ಒತ್ತಡ ಜೋಡಿಸಿದ ದಿನದಷ್ಟೇ ಇದೆ, ಗೇರ್ ಹಾಕಿದೊಡನೆ ಶಾಫ್ಟ್ ಹಿಡಿಯುತ್ತದೆ. ಲಿವರ್ ಶಾಫ್ಟಿನ ಚಿಕ್ಕ ಸೀಲ್ ಮಾತ್ರ ಎರಡನೇ ಹಂಗಾಮಿನಲ್ಲೇ ಒಸರಲು ಶುರುವಾಯಿತು. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಿಲ್ಲ, ಎರಡು ಹೆಚ್ಚುವರಿ ತರಿಸಿ ಇಟ್ಟುಕೊಳ್ಳಿ.