ಎಂಜಿಬಿ ರೋಡ್‌ಸ್ಟರ್: ಮೊದಲು ಸಿಲ್ ನೋಡಿ, ಆಮೇಲೆ ಬಣ್ಣ

ಹಳೆಯ ಓಪನ್ ಕಾರೊಂದನ್ನು ತಾವೇ ಬಿಚ್ಚಿ ತಾವೇ ಜೋಡಿಸಬೇಕೆಂಬ ಆಸೆ ಇರುವವರಿಗೆ ಎಂಜಿಬಿ ರೋಡ್‌ಸ್ಟರ್‌ನಷ್ಟು ಒಳ್ಳೆಯ ಗಾಡಿ ಮತ್ತೊಂದಿಲ್ಲ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಇದು, ಮೇಲ್ಛಾವಣಿ ಇರುವ ಜಿಟಿ ಮಾದರಿಯನ್ನೂ ಸೇರಿಸಿದರೆ ಐದು ಲಕ್ಷದ ಗಡಿ ದಾಟಿತು. ಅಷ್ಟು ಕಾರುಗಳು ಬಂದದ್ದರಿಂದ ಬಿಡಿಭಾಗಗಳು ಈಗಲೂ ಬಹುಪಾಲು ಹೊಸದಾಗಿಯೇ ಸಿಗುತ್ತವೆ. 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಇಡೀ ಬಾಡಿ ಶೆಲ್ಲನ್ನೇ ಹಳೆಯ ಅಚ್ಚುಗಳಿಂದ ಮತ್ತೆ ಮಾಡಿ ಕೊಡತೊಡಗಿತು. ಎಲ್ಲವೂ ಸಿಗುತ್ತದೆ ಎಂಬ ಈ ಧೈರ್ಯವೇ ಕೊಳ್ಳುವವರ ಕಣ್ಣಿಗೆ ಮಣ್ಣೆರಚುವುದೂ ಉಂಟು. ಮಿನುಗುವ ಬಣ್ಣ, ಹೊಸ ಸೀಟು, ಕ್ರೋಮ್ ಬಂಪರ್ ನೋಡಿ ದುಡ್ಡು ಕೊಟ್ಟವರು ಕೆಳಗಿನ ತಗಡನ್ನು ನೋಡಿರುವುದಿಲ್ಲ.

ಇದರ ಹಿಂದಿನ ಎಂಜಿಎ ಕಾರಿಗೆ ಪ್ರತ್ಯೇಕ ಚಾಸಿ, ಅಂದರೆ ಬಾಡಿಯ ಅಡಿಗೆ ಬೇರೆಯೇ ಚೌಕಟ್ಟು, ಇತ್ತು. ಎಂಜಿಬಿಗೆ ಇಲ್ಲ, ಬಾಡಿಯೇ ಚಾಸಿ. ಮೇಲ್ಛಾವಣಿಯೂ ಇಲ್ಲದ ಕಾರಿನಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದು ನಿಲ್ಲಿಸುವ ಭಾರವೆಲ್ಲ ಬಾಗಿಲ ಕೆಳಗಿನ ಎರಡು ಸಿಲ್‌ಗಳ ಮೇಲೆ, ಸ್ವಲ್ಪ ಮಟ್ಟಿಗೆ ನಡುವಿನ ಟ್ರಾನ್ಸ್‌ಮಿಷನ್ ಟನಲ್ ಮೇಲೆ. ಹೊರಗೆ ಕಾಣುವ ಸಿಲ್ ಒಂದು ಮುಚ್ಚಳ ಮಾತ್ರ. ಅದರ ಒಳಗೆ ನಿಂತಿರುವ ತಗಡು ಒಂದು, ಅಡಿಯಲ್ಲಿ ಮಡಿಕೆ ಮಡಿಕೆಯಾಗಿರುವ ಕ್ಯಾಸಲ್ ರೈಲ್ ಇನ್ನೊಂದು, ನೆಲದ ಅಂಚಿಗೆ ಸೇರುವ ಒಳ ಸಿಲ್ ಮತ್ತೊಂದು. ಇವೆಲ್ಲ ಸೇರಿ ಪೆಟ್ಟಿಗೆಯಾದಾಗಲೇ ಬಲ. ನೀರು ಒಳಗೆ ನಿಂತು ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಹೊರಗೆ ಒಂದು ಗುಳ್ಳೆ ಕಂಡಿತೆಂದರೆ ಒಳಗಿನ ತಗಡು ಆಗಲೇ ಹೋಗಿರುತ್ತದೆ ಎಂದೇ ಲೆಕ್ಕ.

ಕೊಳ್ಳುವ ಮುನ್ನ ಬಾಗಿಲಿನ ಹಿಂಬದಿಯ ಸಂದನ್ನು ಗಮನಿಸಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಕುಸಿದಿದೆ. ಮುಂದಿನ ವಿಂಗ್ (ಚಕ್ರದ ಮೇಲಿನ ಬಾಡಿ ತಗಡು), ಬಾಗಿಲು, ಹಿಂದಿನ ವಿಂಗ್ ಮೂರರಲ್ಲೂ ಹಾದುಹೋಗುವ ಕ್ರೋಮ್ ಪಟ್ಟಿ ಒಂದೇ ಗೆರೆಯಲ್ಲಿದೆಯೇ ನೋಡಿ. ಆಮೇಲೆ ಸಿಲ್‌ನ ಜಾಕ್ ಪಾಯಿಂಟಿಗೆ ಜಾಕ್ ಕೊಟ್ಟು ಆ ಬದಿಯನ್ನು ಎತ್ತಿ, ಬಾಗಿಲು ತೆರೆದು ಮುಚ್ಚಿ. ಗಟ್ಟಿ ಕಾರಿನಲ್ಲಿ ಸಂದು ಕದಲುವುದಿಲ್ಲ. ಸಂದು ಬದಲಾದರೆ, ಬಾಗಿಲು ಹಿಡಿದುಕೊಂಡರೆ, ಜಾಕ್ ಇಟ್ಟ ಜಾಗ ಕುರುಕುರು ಅಂದರೆ ಉತ್ತರ ಸಿಕ್ಕಂತೆ. ಅಡಿಗೆ ಟಾರ್ಚ್ ಬಿಟ್ಟು ಕ್ಯಾಸಲ್ ರೈಲಿನ ಮಡಿಕೆಗಳನ್ನು ನೋಡಿ. ಅವು ಕಾಣದೆ ಚಪ್ಪಟೆ ತಗಡು ಕಂಡರೆ, ಕೊಳೆತ ಸಿಲ್ ಮೇಲೆ ಇನ್ನೊಂದು ಸಿಲ್ ಹೊದಿಸಿ ವೆಲ್ಡ್ ಮಾಡಿದ್ದಾರೆ. ಪುಟ್ಟಿ ಮೆತ್ತಿದ ಜಾಗ ಹುಡುಕಲು ತೆಳುಬಟ್ಟೆ ಸುತ್ತಿದ ಅಯಸ್ಕಾಂತ ಸಾಕು.

ಸಿಲ್ ಬದಲಿಸುವ ಕೆಲಸ ಮನೆಯ ಶೆಡ್ಡಿನಲ್ಲೂ ಸಾಧ್ಯ, ಆದರೆ ಕ್ರಮ ತಪ್ಪಿದರೆ ಕಾರೇ ಸೊಟ್ಟಗಾಗುತ್ತದೆ. ಒಮ್ಮೆಗೆ ಒಂದೇ ಬದಿ. ಕತ್ತರಿಸುವ ಮೊದಲು ಹಿಂಜ್ ಇರುವ ಕಂಬದಿಂದ ಲಾಕ್ ಇರುವ ಕಂಬಕ್ಕೆ ಚೌಕ ಪೈಪ್ ಕೊಟ್ಟು ಬಿಗಿದು, ಬಾಗಿಲ ಚೌಕಟ್ಟಿನ ಎರಡೂ ಕರ್ಣಗಳ ಅಳತೆ ಬರೆದಿಟ್ಟುಕೊಳ್ಳಿ. ಸ್ಟ್ಯಾಂಡ್‌ಗಳನ್ನು ಮುಂದೆ ಸಸ್ಪೆನ್ಷನ್ ಕ್ರಾಸ್‌ಮೆಂಬರ್ ಕೆಳಗೆ, ಹಿಂದೆ ಲೀಫ್ ಸ್ಪ್ರಿಂಗ್ ಕೂರುವ ಜಾಗದ ಬಳಿ ಇಡಿ. ಕಾರು ತನ್ನ ಚಕ್ರಗಳ ಮೇಲೆ ನಿಂತಾಗ ಭಾರ ಎಲ್ಲಿ ಬೀಳುತ್ತದೋ ಅಲ್ಲೇ ಬೀಳಬೇಕು. ನಡುವೆ ಆನಿಸಿದರೆ ಮುಂದು ಹಿಂದೆರಡೂ ಜೋತುಬಿದ್ದು ಸಂದು ಮೇಲುಗಡೆ ಅಗಲವಾಗುತ್ತದೆ. ಹಾಗೇ ವೆಲ್ಡ್ ಮಾಡಿದರೆ ಆ ಸೊಟ್ಟು ಶಾಶ್ವತ.

ಮುಂದಿನ ವಿಂಗ್ ಬೋಲ್ಟುಗಳಲ್ಲಿ ನಿಂತಿದೆ, ಬಿಚ್ಚಿ ತೆಗೆಯಿರಿ. ಹೊರ ಸಿಲ್ ಅದರ ಹಿಂದಕ್ಕೂ ಚಾಚಿದೆ. ವಿಂಗ್ ತೆಗೆಯದೆ ಸಿಲ್ ಹಾಕಿದೆವು ಎಂದವರು ಅರ್ಧ ಸಿಲ್ ಹಾಕಿದ್ದಾರೆ. ಹಿಂದಿನ ವಿಂಗ್ ವೆಲ್ಡ್ ಆಗಿರುವುದರಿಂದ ಅದರ ಕೆಳತುದಿಯನ್ನು ಕತ್ತರಿಸಿ, ಕೊನೆಗೆ ರಿಪೇರಿ ತುಂಡು ಹಾಕಬೇಕು. ಒಳಗಿನಿಂದ ಹೊರಕ್ಕೆ ಬನ್ನಿ: ಕ್ಯಾಸಲ್ ರೈಲ್, ನಡುವಿನ ತಗಡು, ಕೊನೆಗೆ ಹೊರ ಸಿಲ್. ಕಾರ್ಖಾನೆಯ ಸ್ಪಾಟ್ ವೆಲ್ಡ್ ಬದಲು ಮೇಲಿನ ತಗಡಿಗೆ 6 ರಿಂದ 8 ಮಿಲಿಮೀಟರ್ ರಂಧ್ರ ಕೊರೆದು ಮಿಗ್ ವೆಲ್ಡಿಂಗ್‌ನಲ್ಲಿ ತುಂಬಿ. ಸಾಲಾಗಿ ಒಂದೇ ಕಡೆಯಿಂದ ಹೋಗದೆ ಅಲ್ಲೊಂದು ಇಲ್ಲೊಂದು ಹಾಕಿ, ಇಲ್ಲದಿದ್ದರೆ ಶಾಖಕ್ಕೆ ತಗಡು ಅಲೆಯೇಳುತ್ತದೆ. ಮುಚ್ಚಿಹೋಗುವ ಮೈಗಳಿಗೆ ಸತುವಿನ ವೆಲ್ಡ್ ಪ್ರೈಮರ್ ಹೊಡೆಯಿರಿ. ಹೊರ ಸಿಲ್ಲನ್ನು ಪೂರ್ತಿ ವೆಲ್ಡ್ ಮಾಡುವ ಮೊದಲು ನಾಲ್ಕಾರು ಕಡೆ ಟ್ಯಾಕ್ ಮಾತ್ರ ಹಾಕಿ, ಬಾಗಿಲು ಕೂರಿಸಿ, ಮುಚ್ಚಿ ನೋಡಿ. ತಿದ್ದುವ ಅವಕಾಶ ಇರುವುದು ಅಲ್ಲಿಯವರೆಗೆ ಮಾತ್ರ. ಬಣ್ಣ ಮುಗಿದ ಮೇಲೆ ಸಿಲ್ ಒಳಗೆ ಉದ್ದ ನಳಿಕೆಯಿಂದ ಮೇಣ ಸಿಂಪಡಿಸಿ, ನೀರಿಳಿಯುವ ತೂತುಗಳು ಮುಚ್ಚಿಕೊಳ್ಳದಂತೆ ನೋಡಿಕೊಳ್ಳಿ.

ತುಕ್ಕು ಹಿಡಿಯುವ ಉಳಿದ ಜಾಗಗಳು ಮುಂದಿನ ಚಕ್ರದ ಹಿಂದಿರುವ ಮಣ್ಣು ನಿಲ್ಲುವ ಮೂಲೆ, ಸೀಟಿನಡಿಯ ಕ್ರಾಸ್‌ಮೆಂಬರಿನ ತುದಿಗಳು, ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆಗಳು. ಬಾಗಿಲಿನಲ್ಲಿ ತ್ರಿಕೋನ ಗಾಜಿನ ಬುಡದ ಬಳಿ ತಗಡು ಸೀಳುವುದು ಈ ಕಾರಿನ ಹುಟ್ಟುಗುಣ; ಸೀಳಿನ ತುದಿಗೆ ಸಣ್ಣ ರಂಧ್ರ ಕೊರೆದು, ಹಿಂದಿನಿಂದ ಬಲ ಕೊಟ್ಟು ವೆಲ್ಡ್ ಮಾಡದಿದ್ದರೆ ಮತ್ತೆ ಸೀಳುತ್ತದೆ.

ಎಂಜಿನ್ ವಿಷಯದಲ್ಲಿ ನನಗೆ ದೂರು ಕಡಿಮೆ. 1798 ಸಿಸಿಯ ಬಿ ಸೀರೀಸ್, ಎರಕದ ಕಬ್ಬಿಣದ ಬ್ಲಾಕು, ಅದೇ ಕಬ್ಬಿಣದ ಹೆಡ್ಡು. 1964ರವರೆಗೆ ಕ್ರ್ಯಾಂಕಿಗೆ ಮೂರು ಮೇನ್ ಬೇರಿಂಗ್, ಆಮೇಲೆ ಐದು. ಬಿಸಿಯಾದ ಎಂಜಿನ್ ಓಡುವಾಗ ಆಯಿಲ್ ಪ್ರೆಶರ್ 50 ಪಿಎಸ್‌ಐಗಿಂತ ಮೇಲಿದ್ದರೆ ಬಿಚ್ಚುವ ಆತುರ ಬೇಡ. 20ಡಬ್ಲ್ಯೂ50 ಆಯಿಲ್ಲೇ ಹಾಕಿ. ಹೊಸ ಕಾರುಗಳ ತೆಳ್ಳನೆ ಆಯಿಲ್ ಇದಕ್ಕೆ ಆಗದು. ಹೆಡ್ ಇಳಿಸಿದ್ದೇ ಆದರೆ ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಸೀಟು (ವಾಲ್ವ್ ಕೂರುವ ಉಂಗುರ) ಹಾಕಿಸಿಬಿಡಿ. ಸೀಸವಿಲ್ಲದ ಪೆಟ್ರೋಲಿನಲ್ಲಿ ಹಳೆಯ ಸೀಟುಗಳು ಸವೆದು ವಾಲ್ವ್ ಒಳಗಿಳಿಯುತ್ತದೆ, ಟ್ಯಾಪೆಟ್ ಸಂದು ಮುಚ್ಚಿಹೋಗುತ್ತದೆ.

ಜೋಡಿ ಎಸ್‌ಯು ಕಾರ್ಬ್ಯುರೇಟರ್‌ಗಳಿಗೆ ಸುಮ್ಮನೆ ಕೆಟ್ಟ ಹೆಸರು. ಅವು ಹೊಂದುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಟ್ಯಾಪೆಟ್ ಮತ್ತು ಇಗ್ನಿಷನ್ನಿನ ಪಾಯಿಂಟ್ ಮುಟ್ಟದೆ ನೇರ ಕಾರ್ಬ್ಯುರೇಟರಿಗೆ ಕೈ ಹಾಕಿರುತ್ತಾರೆ. ಟ್ಯಾಪೆಟ್ ಸಂದು 0.015 ಇಂಚು, ಪಾಯಿಂಟ್ ಸಂದು 0.015 ಇಂಚು, ಪ್ಲಗ್ ಸಂದು 0.025 ಇಂಚು, ಆಮೇಲೆ ಇಗ್ನಿಷನ್ ಟೈಮಿಂಗ್. ಇಷ್ಟು ಸರಿಯಾದ ಮೇಲೆ ಏರ್ ಕ್ಲೀನರ್ ಬಿಚ್ಚಿ. ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ನನ್ನು ಬೆರಳಲ್ಲಿ ಎತ್ತಿ ಬಿಟ್ಟರೆ ಟಕ್ ಎಂದು ಕೆಳಗೆ ಕೂರಬೇಕು. ಕೂರದಿದ್ದರೆ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ, ಜೆಟ್ ನಡುವಿಗೆ ಬರಬೇಕು. ಎಚ್‌ಎಸ್4 ಮಾದರಿಯ ಎಸ್‌ಯುನಲ್ಲಿ ಜೆಟ್ ನಟ್ಟನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಅಲ್ಲಿಂದ 12 ಮುಖ, ಅಂದರೆ ಎರಡು ಸುತ್ತು ಇಳಿಸಿ ಶುರುಮಾಡಿ. ಎರಡು ಕಾರ್ಬ್ಯುರೇಟರ್‌ಗಳ ನಡುವಿನ ಕೊಂಡಿ ಸಡಿಲಿಸಿ, ಒಂದೊಂದರ ಬಾಯಿಗೂ ರಬ್ಬರ್ ಪೈಪ್ ಹಿಡಿದು ಕಿವಿಗೊಟ್ಟು, ಉಸಿರಿನ ಸದ್ದು ಒಂದೇ ಆಗುವವರೆಗೆ ಥ್ರಾಟಲ್ ಸ್ಕ್ರೂ ತಿರುಗಿಸಿ. ಆಮೇಲೆ ಒಂದು ಬದಿಯ ಪಿಸ್ಟನ್ನನ್ನು ಮಿಲಿಮೀಟರಿಗೂ ಕಡಿಮೆ ಎತ್ತಿ ನೋಡಿ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು, ನಟ್ಟನ್ನು ಒಂದು ಮುಖ ಮೇಲಕ್ಕೆ. ಕುಗ್ಗಿ ನಿಂತುಹೋಗುವಂತಾದರೆ ಕಡಿಮೆ, ಒಂದು ಮುಖ ಕೆಳಕ್ಕೆ. ಕ್ಷಣಮಾತ್ರ ಏರಿ ಮೊದಲಿನಂತಾದರೆ ಸರಿಯಾಗಿದೆ. ಮೇಲಿನ ಡ್ಯಾಂಪರಿಗೆ ಎಣ್ಣೆ ಹಾಕಲು ಮರೆಯಬೇಡಿ. ಅದಿಲ್ಲದೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಮುಗ್ಗರಿಸುತ್ತದೆ. ಇಷ್ಟಾದರೂ ಐಡಲಿಂಗ್ ನಿಲ್ಲದಿದ್ದರೆ ಥ್ರಾಟಲ್ ಸ್ಪಿಂಡಲ್ ಸವೆದು ಗಾಳಿ ಎಳೆಯುತ್ತಿದೆ. ಹೊಸ ಬುಷ್ ಹಾಕದೆ ಬೇರೆ ದಾರಿಯಿಲ್ಲ.

ಕ್ಲಚ್ ಬದಲಿಸಬೇಕೆಂದರೆ ಎಂಜಿನ್ ಹೊರಗೆ ಬರಬೇಕು. ರಿಲೀಸ್ ಬೇರಿಂಗ್ ಕಾರ್ಬನ್ನಿನದು. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡೇ ನಿಲ್ಲುವ ಅಭ್ಯಾಸ ಅದನ್ನು ತಿಂದುಹಾಕುತ್ತದೆ. ಲೇಕಾಕ್ ಓವರ್‌ಡ್ರೈವ್ (ಸ್ವಿಚ್ಚಿನಿಂದ ಹಾಕುವ ಹೆಚ್ಚುವರಿ ಎತ್ತರದ ಗೇರು) ಇರುವ ಕಾರು ಸಿಕ್ಕರೆ ಬಿಡಬೇಡಿ, ಹೆದ್ದಾರಿಯಲ್ಲಿ ಎಂಜಿನ್ನಿನ ಗದ್ದಲ ಎಷ್ಟೋ ತಗ್ಗುತ್ತದೆ. ಅದು ಕೈಕೊಟ್ಟಾಗ ಮೊದಲು ನೋಡಬೇಕಾದ್ದು ಸ್ವಿಚ್ಚು, ವೈರು ಮತ್ತು ಗೇರ್‌ಬಾಕ್ಸಿನ ಆಯಿಲ್ ಮಟ್ಟ.

ಮುಂದಿನ ಕಿಂಗ್‌ಪಿನ್‌ಗಳಿಗೆ (ಚಕ್ರವನ್ನು ಎಡಬಲ ತಿರುಗಿಸುವ ಕೀಲುಗಳಿಗೆ) ಪ್ರತಿ ಬದಿಯಲ್ಲೂ ಮೂರು ಗ್ರೀಸ್ ನಿಪ್ಪಲ್‌ಗಳಿವೆ. ಚಕ್ರ ನೆಲದಿಂದ ಮೇಲಿದ್ದಾಗ ಗ್ರೀಸ್ ಹೊಡೆಯಿರಿ, ಭಾರ ಬಿದ್ದಿರುವಾಗ ಬೇಕಾದ ಜಾಗಕ್ಕೆ ಅದು ತಲುಪುವುದಿಲ್ಲ. 5000 ಕಿಲೋಮೀಟರಿಗೊಮ್ಮೆ ಇದನ್ನು ಮಾಡಿದರೆ ಕಿಂಗ್‌ಪಿನ್ ಬಹುಕಾಲ ಬಾಳುತ್ತದೆ, ಹೆಚ್ಚಿನವರು ಮಾಡುವುದಿಲ್ಲ. ಕಡ್ಡಿ ಚಕ್ರ ಇದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಎತ್ತಿದ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಲಿ. ಕಟಕಟ ಸದ್ದು ಬಂದರೆ ಹಬ್ಬಿನ ಸ್ಪ್ಲೈನ್ ಹಲ್ಲುಗಳು ಮೊನಚಾಗಿವೆ. ಎಡ ಬಲದ ಹಬ್ಬುಗಳ ತಿರುಪಿನ ಮರೆ ಒಂದಕ್ಕೊಂದು ವಿರುದ್ಧ; ಅದಲುಬದಲಾದರೆ ಓಡುತ್ತಿರುವಾಗಲೇ ನಟ್ಟು ಬಿಚ್ಚಿಕೊಳ್ಳುತ್ತದೆ.

ಲ್ಯೂಕಾಸ್ ಕಂಪನಿಯ ವೈರಿಂಗ್ ಸರಳ. ಬುಲೆಟ್ ಕನೆಕ್ಟರ್‌ಗಳನ್ನೂ ಬಾಡಿಗೆ ಅರ್ಥ್ ಸೇರುವ ಜಾಗಗಳನ್ನೂ ಹೊಳೆಯುವಂತೆ ಉಜ್ಜಿದರೆ ಅರ್ಧ ದೋಷ ಮಾಯ. ಆದರೆ 1967ರ ಕೊನೆಯವರೆಗಿನ ಕಾರುಗಳಲ್ಲಿ ಬಾಡಿಗೆ ಸೇರುವುದು ಬ್ಯಾಟರಿಯ ಪಾಸಿಟಿವ್. ಅದನ್ನು ಗಮನಿಸದೆ ಎಲೆಕ್ಟ್ರಾನಿಕ್ ಇಗ್ನಿಷನ್ ಜೋಡಿಸಿದರೆ ಅದು ಅಲ್ಲೇ ಸುಟ್ಟುಹೋಗುತ್ತದೆ.

ಟಾಪ್, ಅಂದರೆ ಕಾರಿನ ಮೇಲಿನ ಬಟ್ಟೆಯ ಹೊದಿಕೆ, ಹಾಕುವ ಕೆಲಸವನ್ನು ಕೊನೆಯಲ್ಲಿ ಅವಸರದಲ್ಲಿ ಮುಗಿಸುವವರೇ ಹೆಚ್ಚು, ಹಾಗಾಗಿಯೇ ಸುಕ್ಕುಗಟ್ಟಿದ ಟಾಪ್‌ಗಳು ಅಷ್ಟೊಂದು. ಮೊದಲ ವರ್ಷಗಳ ಕಾರುಗಳಲ್ಲಿ ಚೌಕಟ್ಟನ್ನೇ ಬಿಚ್ಚಿ ಡಿಕ್ಕಿಯಲ್ಲಿಡುವ ಟಾಪ್ ಇತ್ತು, ಮಡಚುವ ಟಾಪ್ ಬೇರೆಯೇ. ತರಿಸುವ ಮುನ್ನ ನಿಮ್ಮ ಚೌಕಟ್ಟು ಯಾವುದೆಂದು ಖಚಿತಪಡಿಸಿಕೊಳ್ಳಿ. ವಿನೈಲ್ ಅಗ್ಗ, ತೊಳೆಯಲು ಸುಲಭ, ಚಳಿಯಲ್ಲಿ ಬಿರುಸಾಗುತ್ತದೆ. ಮೊಹೇರ್ ಬಟ್ಟೆ ದುಬಾರಿ, ಆದರೆ ಮಡಚಿದಾಗ ಗೆರೆ ಬೀಳುವುದಿಲ್ಲ. ಹಣ ಹೊಂದಿದರೆ ಅದನ್ನೇ ಆರಿಸುತ್ತೇನೆ. ಬಿಸಿಲಿನ ದಿನ ಬಟ್ಟೆಯನ್ನು ಹರಡಿ ಬೆಚ್ಚಗಾಗಿಸಿ. ಹಿಂದಿನ ಅಂಚನ್ನು ಮೊದಲು ಸಿಕ್ಕಿಸಿ, ಎರಡೂ ಬಾಗಿಲ ಗಾಜು ಮೇಲಕ್ಕೇರಿಸಿ, ಮುಂದಿನ ಹೆಡರ್ ರೈಲನ್ನು ವಿಂಡ್‌ಸ್ಕ್ರೀನಿಗೆ ಬಿಗಿದು, ನಡುಗೆರೆ ಹೊಂದಿಸಿ, ಬಟ್ಟೆ ಎಲ್ಲಿಗೆ ಬರುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಲಾಕ್ ಬಿಚ್ಚಿ, ಗುರುತಿಗಿಂತ 6 ಮಿಲಿಮೀಟರಿನಷ್ಟು ಹೆಚ್ಚು ಎಳೆದು, ನಡುವಿನಿಂದ ಎರಡೂ ತುದಿಗೆ ಕಾಂಟ್ಯಾಕ್ಟ್ ಅಂಟಿನಲ್ಲಿ ಅಂಟಿಸಿ. ತೀರಾ ಎಳೆದರೆ ಚಳಿಗೆ ಲಾಕೇ ಬೀಳುವುದಿಲ್ಲ. ಬದಿಯ ಗುಂಡಿಗಳ ರಂಧ್ರ ಕಟ್ಟಕಡೆಯ ಕೆಲಸ, ಬಟ್ಟೆ ಒಂದೆರಡು ದಿನ ಬಿಗಿದೇ ಇದ್ದು ಹೊಂದಿಕೊಂಡ ಮೇಲೆ. ಒದ್ದೆ ಟಾಪ್ ಮಡಚಬೇಡಿ, ಹಿಂದಿನ ಪ್ಲಾಸ್ಟಿಕ್ ಕಿಟಕಿಗೆ ಅಮೋನಿಯ ಇರುವ ಗ್ಲಾಸ್ ಕ್ಲೀನರ್ ತಾಗಿಸಬೇಡಿ.

ವರ್ಷದ ಆಯ್ಕೆ ಕೇಳಿದರೆ 1968ರಿಂದ 1974ರ ನಡುವಿನ ಕ್ರೋಮ್ ಬಂಪರ್ ಕಾರು ಎನ್ನುತ್ತೇನೆ: ನಾಲ್ಕೂ ಗೇರಿಗೆ ಸಿಂಕ್ರೋ (ಗೇರು ಕರಕರ ಎನ್ನದೆ ಬೀಳುವ ವ್ಯವಸ್ಥೆ), ಡೈನಮೊ ಬದಲು ಆಲ್ಟರ್ನೇಟರ್, ನೆಗೆಟಿವ್ ಅರ್ಥ್. 1974ರ ಕೊನೆಯಲ್ಲಿ ರಬ್ಬರ್ ಬಂಪರಿನ ಜೊತೆಗೆ ಕಾರಿನ ಎತ್ತರವನ್ನೂ ಹೆಚ್ಚಿಸಿದ್ದರಿಂದ ತಿರುವುಗಳಲ್ಲಿ ಅದು ಹೆಚ್ಚು ವಾಲುತ್ತದೆ. ಆದರೆ ಕೊಳೆತ ಸಿಲ್ಲಿನ ಕ್ರೋಮ್ ಬಂಪರ್ ಕಾರೂ, ಗಟ್ಟಿ ಸಿಲ್ಲಿನ ರಬ್ಬರ್ ಬಂಪರ್ ಕಾರೂ ಎದುರಿಗಿದ್ದರೆ ಎರಡನೆಯದನ್ನು ಕೊಳ್ಳಿ. ಸ್ಪ್ರಿಂಗ್ ಬದಲಿಸಿ ಎತ್ತರ ಇಳಿಸುವುದು ಒಂದು ವಾರಾಂತ್ಯದ ಕೆಲಸ. ಎರಡೂ ಬದಿಯ ಸಿಲ್ ಸರಿಮಾಡುವುದು ತಿಂಗಳುಗಟ್ಟಲೆ ಹಿಡಿಯುತ್ತದೆ.