ಸ್ವಿಫ್ಟ್‌ಗೆ ಹೊಸ ಶಾಕ್ ಅಬ್ಸಾರ್ಬರ್: ಮುಂದೆ ಒರಿಜಿನಲ್, ಹಿಂದೆ ಗೇಬ್ರಿಯಲ್

ನನ್ನದು 2014ರ ಪೆಟ್ರೋಲ್ ಸ್ವಿಫ್ಟ್. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಓಡಾಡುವ ಗಾಡಿ. ದೋಣಿಗಾಲಿನಿಂದ ಮಾರನಹಳ್ಳಿವರೆಗೆ ಆ ರಸ್ತೆ ವರ್ಷಗಟ್ಟಲೆ ಹೇಗಿತ್ತು ಅಂತ ಕಂಡವರಿಗೆ ಶಾಕ್ ಯಾಕೆ ಹೋಯಿತು ಅಂತ ಬಿಡಿಸಿ ಹೇಳಬೇಕಿಲ್ಲ. ನಾಲ್ಕನ್ನೂ ಬದಲಾಯಿಸಿ ಒಂದು ಮಳೆಗಾಲ ದಾಟಿದೆ. ಮುಂದಕ್ಕೆ ಮಾರುತಿ ಜೆನ್ಯೂನ್ ಪಾರ್ಟ್ಸ್, ಅಂದರೆ ಕಾರು ಕಂಪನಿಯದೇ ಡಬ್ಬಿಯಲ್ಲಿ ಬರುವ ಒರಿಜಿನಲ್; ಹಿಂದಕ್ಕೆ ಹೊರಗಡೆ ಕಂಪನಿಯ ಗೇಬ್ರಿಯಲ್. ದುಡ್ಡು ಸಾಲದೆ ಹೀಗೆ ಅರ್ಧರ್ಧ ಮಾಡಿದ್ದಲ್ಲ, ಬೇಕಂತಲೇ ಮಾಡಿದ್ದು.

ನಮ್ಮೂರಿನ ಮೆಕ್ಯಾನಿಕ್ ಮಾತ್ರ ಒಂದೇ ಹಟ. "ಸಾರ್, ಹೊರಗಡೆ ಮಾಲು ಬೇಡ. ಆರು ತಿಂಗ್ಳಿಗೆ ಮತ್ತೆ ನನ್ ಹತ್ರನೇ ಬರ್ತೀರ." ಅವರ ಲೆಕ್ಕದಲ್ಲಿ ಕಂಪನಿ ಡಬ್ಬಿಯಲ್ಲಿ ಬರದ್ದೆಲ್ಲ ಡೂಪ್ಲಿಕೇಟ್. ಇದನ್ನು ನಾನು ಒಪ್ಪುವುದಿಲ್ಲ. ಮಾರುತಿಯವರು ಶಾಕ್ ಅಬ್ಸಾರ್ಬರನ್ನು ತಾವೇ ಕೂತು ಮಾಡುವುದಿಲ್ಲ, ಅದಕ್ಕೆಂದೇ ಇರುವ ಕಂಪನಿಗಳಿಂದ ತರಿಸುತ್ತಾರೆ. 1961ರಿಂದ ಇರುವ ಗೇಬ್ರಿಯಲ್ ಇಂಡಿಯಾ ಅಂಥದ್ದೇ ಒಂದು. ಕಾರು ಕಂಪನಿಗಳಿಗೂ ಕೊಡುತ್ತದೆ, ತನ್ನದೇ ಡಬ್ಬಿಯಲ್ಲಿ ಅಂಗಡಿಗೂ ಕೊಡುತ್ತದೆ. ಹಾಗಂತ ಎರಡು ಡಬ್ಬಿಯೊಳಗೂ ಇರುವುದು ಒಂದೇ ಮಾಲು ಅಂತ ಕಣ್ಣು ಮುಚ್ಚಿ ನಂಬಬೇಡಿ. ಕಾರು ಕಂಪನಿ ಆ ಮಾಡೆಲ್ಲಿನ ತೂಕ, ಸ್ಪ್ರಿಂಗ್ ನೋಡಿಕೊಂಡು ಒಳಗೆ ಎಣ್ಣೆಯ ಓಟ ಹಿಡಿದಿಡುವ ವಾಲ್ವ್ ಹೀಗೇ ಇರಬೇಕು ಅಂತ ಹೇಳಿ ಮಾಡಿಸಿರುತ್ತದೆ. ಅಂಗಡಿಗೆ ಬರುವುದು ಹಾಗೇ ಇದ್ದರೂ ಇರಬಹುದು, ಕೊಂಚ ಬೇರೆಯೂ ಇರಬಹುದು.

ಹಾಗಾದರೆ ಎಲ್ಲಿ ಯಾವುದು? ನನಗೆ ದಾರಿ ತೋರಿಸಿದ್ದು ಪಾರ್ಟಿನ ರೇಟಲ್ಲ, ಬಿಚ್ಚಿ ಜೋಡಿಸುವ ಕೂಲಿ.

ಸ್ವಿಫ್ಟಿನ ಮುಂದಿನದು ಸ್ಟ್ರಟ್. ಸ್ಪ್ರಿಂಗ್ ಅದರ ಮೇಲೇ ಕೂತಿರುತ್ತದೆ, ಸ್ಟಿಯರಿಂಗ್ ತಿರುಗಿಸಿದರೆ ಅದೂ ತಿರುಗುತ್ತದೆ. ಬದಲಾಯಿಸಬೇಕಾದರೆ ಇಡೀ ಜೋಡಣೆ ಕೆಳಗಿಳಿಸಿ, ಸ್ಪ್ರಿಂಗನ್ನು ಕಂಪ್ರೆಸರ್ ಹಾಕಿ ಅದುಮಿ, ಮೇಲಿನ ಮೌಂಟಿಂಗ್ ಬಿಚ್ಚಬೇಕು. ಆಮೇಲೆ ಚಕ್ರ ನೇರ ಮಾಡಿಸುವ ಅಲೈನ್‌ಮೆಂಟ್ ಬೇರೆ. ಅಲ್ಲಿ ಹಾಕಿದ ಪೀಸು ಸರಿ ಬರಲಿಲ್ಲ ಅಂದರೆ ಅಷ್ಟೂ ಖರ್ಚು ಮತ್ತೊಂದು ಸಲ. ಗಾಡಿಯ ಹಿಂಭಾಗದಲ್ಲಿ ಹಾಗಲ್ಲ. ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಮೇಲೊಂದು ಕೆಳಗೊಂದು ಬಿಚ್ಚಿದರೆ ಕೈಗೆ ಬರುತ್ತದೆ. ಪ್ರಯೋಗ ಮಾಡುವುದಿದ್ದರೆ ಹಿಂದೆ ಮಾಡಿ, ಅಲ್ವಾ?

ಪಾರ್ಟು ತಂದದ್ದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ. ಅಲ್ಲಿ ಸಿಗದ ಸಾಮಾನಿಲ್ಲ. ನಕಲಿಯೂ ಸಿಗುತ್ತದೆ, ಅದೇ ತೊಂದರೆ. ಒಂದು ಅಂಗಡಿಯಲ್ಲಿ "ಒರಿಜಿನಲ್ಲೇ, ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ತೀನಿ" ಅಂದರು. ಡಬ್ಬಿಯ ಮೇಲಿನ ಅಕ್ಷರ ಮಸುಕು, ಹಾಲೋಗ್ರಾಂ ಓರೆ. ಸುಮ್ನೆ ಎದ್ದು ಬಂದೆ. ಮುಂದಿನ ಅಂಗಡಿಯಲ್ಲಿ ಪಾರ್ಟ್ ನಂಬರ್ ತಾಳೆ ನೋಡಿ, ಡಬ್ಬಿ ಬಿಚ್ಚಿಸಿ, ಹಿಂಭಾಗಕ್ಕೆ ಬೇಕಾದ ಶಾಕನ್ನು ಕೌಂಟರ್ ಮೇಲೆ ನೆಟ್ಟಗೆ ನಿಲ್ಲಿಸಿ ರಾಡ್ ಒತ್ತಿದೆ. ಕೈ ಬಿಟ್ಟ ಮೇಲೆ ಅದು ನಿಧಾನಕ್ಕೆ, ಒಂದೇ ಸಮನೆ ಮೇಲೆದ್ದಿತು. ಗ್ಯಾಸ್ ತುಂಬಿದ್ದು ಹೀಗೇ ಏಳಬೇಕು. ನಡುವೆ ಎಲ್ಲಾದರೂ ಸರಕ್ಕನೆ ಜಾರಿದರೆ ತಗೋಬೇಡಿ. ಮಲಗಿಸಿಟ್ಟ ಮಾಲಾದರೆ ಮೊದಲು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ ಆಮೇಲೆ ನೋಡಿ. ಗಾಡಿಯ ಮುಂಭಾಗದವು ಎಡ, ಬಲ ಬೇರೆ ಬೇರೆ ಬರುತ್ತವೆ, ಎರಡೂ ಒಂದೇ ಕಡೆಯವು ಆಗಿಲ್ಲ ಅಂತ ಅಲ್ಲೇ ಖಾತ್ರಿ ಮಾಡಿಕೊಳ್ಳಿ.

ರೇಟಿನ ವಿಷಯಕ್ಕೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಳೇ ಸ್ಟಾಕಿನ ಮೇಲೆ ಹಳೇ ಎಂಆರ್‌ಪಿಯೇ ಅಚ್ಚಾಗಿದ್ದರೆ ಬಾಯಿಬಿಟ್ಟು ಕೇಳಿ.

ಈಗ ಜನ ಜಿಪುಣತನ ಮಾಡುವ ಜಾಗಕ್ಕೆ ಬರೋಣ. ಸ್ಟ್ರಟ್ ಮೇಲಿನ ರಬ್ಬರ್ ಮೌಂಟಿಂಗ್, ಅದರ ಬೇರಿಂಗ್, ಶಾಕ್ ಪೂರ್ತಿ ಕುಗ್ಗಿದಾಗ ಏಟು ತಡೆಯುವ ಬಂಪ್ ಸ್ಟಾಪ್, ಧೂಳು ತಡೆಯುವ ಬೂಟ್. "ಇವೆಲ್ಲ ನಡೀತದೆ ಸಾರ್" ಅಂತ ಹಳೆಯದನ್ನೇ ಒರೆಸಿ ಹಾಕುವವರಿದ್ದಾರೆ. ಬೂಟ್ ಹರಿದಿದ್ದರೆ ಮಣ್ಣು ರಾಡಿಗೆ ಮೆತ್ತಿ ಸೀಲ್ ತಿನ್ನುತ್ತದೆ. ಆಮೇಲೆ ಒರಿಜಿನಲ್ ಆದರೇನು, ಹೊರಗಡೆಯದಾದರೇನು, ಎಣ್ಣೆ ಸೋರಿಯೇ ಸೋರುತ್ತದೆ. ಹಿಂದೆ ಗೇಬ್ರಿಯಲ್ ಹಾಕಿ ಉಳಿದ ದುಡ್ಡು ನನ್ನಲ್ಲಿ ಇದಕ್ಕೇ ಹೋಯಿತು. ಇನ್ನೊಂದು, ಬುಶ್ (ಬೋಲ್ಟ್ ಸುತ್ತಲಿನ ರಬ್ಬರ್ ಬಳೆ) ಇರುವ ಬೋಲ್ಟನ್ನು ಗಾಡಿ ಜಾಕಿ ಮೇಲಿದ್ದಾಗ ಪೂರ್ತಿ ಬಿಗಿ ಮಾಡಿಸಬೇಡಿ. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಬಿಗಿ ಮಾಡಬೇಕು. ಇಲ್ಲದಿದ್ದರೆ ಗಾಡಿ ನಿಂತಿದ್ದಾಗಲೂ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಈಗ ಓಟ ಹೇಗಿದೆ ಅಂದರೆ, ಘಾಟಿ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮೂತಿ ಮುಗ್ಗರಿಸುವುದು ನಿಂತಿದೆ. ಹಂಪ್ ದಾಟಿದ ಮೇಲೆ ಹಿಂಭಾಗ ಒಂದೇ ಸಲಕ್ಕೆ ಕೂರುತ್ತದೆ, ಹಿಂದೆ ಮೂರು ಜನ ಕೂತು ಡಿಕ್ಕಿ ತುಂಬಿದ್ದರೂ ಅಷ್ಟೇ. ಹಿಂಭಾಗ ಮೊದಲಿಗಿಂತ ಗಟ್ಟಿ ಅಂತ ಮನೆಯವರು ಅಂದರು. ಹಳೆಯದು ಅಷ್ಟು ಸತ್ತುಹೋಗಿತ್ತು, ಹೊಸದು ಯಾವುದು ಹಾಕಿದ್ದರೂ ಗಟ್ಟಿ ಅನ್ನಿಸುತ್ತಿತ್ತು. ಸೋರಿಕೆ ಈವರೆಗೆ ಇಲ್ಲ.

ಸಣ್ಣ ಗುಂಡಿಯಲ್ಲಿ ಎಡಗಡೆ ಮುಂದೆ ಟಕ್ ಟಕ್ ಸದ್ದು ಮಾತ್ರ ಉಳಿದಿತ್ತು. "ಹೊಸ ಶಾಕೇ ಹೋಗಿದೆ" ಅಂತ ಒಂದು ವರ್ಕ್‌ಶಾಪಿನಲ್ಲಿ ಹೆದರಿಸಿದರು. ನೋಡಿದರೆ ಸ್ಟೆಬಿಲೈಜರ್ ಲಿಂಕ್ ಸಡಿಲ, ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಕಂಬಿಯ ಕೊಂಡಿ ಅದು. ಕೆಲವು ನೂರು ರೂಪಾಯಿಯ ಸಾಮಾನು. ಅದನ್ನು ಹಾಕಿಸಿದೆ, ಸದ್ದು ಹೋಯಿತು.

ಮುಂದಿನ ಸಲವೂ ಹಿಂದಕ್ಕೆ ಗೇಬ್ರಿಯಲ್ಲೇ. ಮುಂದಕ್ಕೆ ಮಾತ್ರ, ಗಾಡಿ ಇನ್ನೊಂದೆರಡು ವರ್ಷದಲ್ಲಿ ಮಾರುವುದು ಅಂತ ತೀರ್ಮಾನವಾಗಿದ್ದರೆ ಹೊರಗಡೆಯದು, ಇಟ್ಟುಕೊಳ್ಳುವುದಾದರೆ ಮತ್ತೆ ಜೆನ್ಯೂನ್.